ಮೆಟ್ಟಿಲಂಚಿನ ಕೆಂಪು

ಮಾರ್ಚ್ ಹದಿಮೂರು, ಶುಕ್ರವಾರ. ವಾರವಿಡೀ ಕವಿದಿದ್ದ ಮೋಡ ಮೊನ್ನೆ ಬುಧವಾರ ಚದುರಿತು. ಅಂದಿನಿಂದ ಕಣ್ಣು ಬಿಡಲಾಗದಂಥ ಬಿಸಿಲು.

ಊರಿನ ಬಯಲು ಜಾಗಗಳಿಗೆ ಬಣ್ಣ ಆರಿಸುವ ನನ್ನ ಅತ್ತಿಗೆ ಹಿಂದಕ್ಕೆ ನಡೆಯುತ್ತಾರೆ. ಉದ್ಯಾನದ ಬೇಲಿಯಾಗಲಿ, ಬಸ್ ತಂಗುದಾಣದ ಕಂಬವಾಗಲಿ, ತಾವು ಬಣ್ಣ ನಿರ್ಧರಿಸಬೇಕಾದ ವಸ್ತುವಿಗೆ ಮುಖಮಾಡಿ, ಬೆನ್ನಿಗೂ ಕಣ್ಣಿದೆಯೆಂಬ ಭರವಸೆಯಿಂದ ನೂರು ಹೆಜ್ಜೆ ಹಿಂದೆ ಸರಿಯುವ ಅವರಿಗೆ ಪೇಟೆಯ ಕೂಲಿಯವರು ‘ಹಿಂದಡಿ ಅಕ್ಕ’ ಎಂದು ಹೆಸರಿಟ್ಟಿದ್ದಾರೆ. ಅವರ ಉದ್ದನೆಯ ಕೋಟಿನ ಮೂಲವರ್ಣ ಈಗ ಕಾಲರಿನ ಒಳಮಡಿಕೆಯಲ್ಲಿ ಮಾತ್ರ ಉಳಿದಿದೆ. ಜೇಬುಗಳ ತುಂಬ ಬಣ್ಣ ಬಳಿದ ಮರದ ಪಟ್ಟಿಗಳು, ನಡೆದರೆ ಕಟಕಟ ಸದ್ದು. ಬಯಲಿನ ಬಣ್ಣವನ್ನು ಬಯಲಿನಲ್ಲೇ, ಬೆಳಿಗ್ಗೆ ಮಧ್ಯಾಹ್ನ ಸಂಜೆ ಮೂರು ಹೊತ್ತೂ ನೋಡಬೇಕೆಂಬುದು ಅವರ ವ್ರತ. ಮಾತುಮಾತಿಗೂ “ಹೌದೋ ಅಲ್ವೋ?” ಎನ್ನುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ.

ಆಸ್ಪತ್ರೆಯ ಮುಂದಿನ ಚೌಕದ ಹನ್ನೆರಡು ಮೆಟ್ಟಿಲುಗಳಿಗೆ ಬಿಳಿಗಲ್ಲು ಹಾಸಿದ ಮೇಲೆ, ದೃಷ್ಟಿ ಮಂಜಾಗಿರುವ ನನ್ನ ಅಮ್ಮ ಕೊನೆಯ ಮೆಟ್ಟಿಲು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಅಂದಿನಿಂದ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಅತ್ತಿಗೆ ಮೂರು ತಿಂಗಳು ನಗರಸಭೆಯ ಎಂಜಿನಿಯರರ ಬೆನ್ನುಹತ್ತಿ, ಮೆಟ್ಟಿಲಂಚುಗಳಿಗೆ ಬಣ್ಣ ಹಚ್ಚಲು ಒಪ್ಪಿಸಿದರು. ಹಳದಿಯನ್ನು ಆರಿಸಿದರು. ಮಂಗಳವಾರ ಬಳಿದು ಮುಗಿಯಿತು. ಮರುದಿನ ಮಧ್ಯಾಹ್ನ ಅಮ್ಮನನ್ನು ಒಲಿಸಿ, ಟ್ಯಾಕ್ಸಿಯಲ್ಲಿ ಕರೆದೊಯ್ದು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿದೆವು.

“ಅತ್ತೆ, ಎಷ್ಟು ಮೆಟ್ಟಿಲು ಕಾಣ್ತವೆ?”

“ಎಲ್ಲಿದೆಯೇ ಮೆಟ್ಟಿಲು? ಬೆಳ್ಳಗೆ ದುಪ್ಪಟಿ ಹಾಸಿದ ಹಾಗಿದೆ. ಸೊಸೆ ಮಾಡಿಸಿದ್ದು ಅಂತ ಸುಳ್ಳು ಹೇಳಲಾ?”

ಎಂಜಿನಿಯರರು ಗಡಿಬಿಡಿಯಿಂದ, “ಅಜ್ಜಿಗೆ ಪೊರೆ ಬಂದಿದೆ, ಮೇಡಂ. ನಮಗೆಲ್ಲ ಚೆನ್ನಾಗೇ ಕಾಣ್ತಿದೆ. ಶುಕ್ರವಾರ ಉದ್ಘಾಟನೆ ಬೇರೆ,” ಎಂದರು.

“ನಿಮಗೆ ಕಾಣೋದಕ್ಕೆ ಬಣ್ಣ ಯಾಕ್ರೀ ಬೇಕು? ಹೌದೋ ಅಲ್ವೋ?”

ಅತ್ತಿಗೆ ಹಿಂದಕ್ಕೆ ನಡೆದರು, ಕಣ್ಣನ್ನು ಅರೆಮುಚ್ಚಿ ನೋಡಿದರು, ಮರಳಿ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು: “ತಪ್ಪು ನಂದು. ಮೂರು ಹೊತ್ತೂ ನೋಡಿದೆ, ಎಲ್ಲ ಮೋಡದಲ್ಲಿ ನೋಡಿದೆ. ಬಿಸಿಲನ್ನ ಕೇಳಲೇ ಇಲ್ಲ.” ಇಪ್ಪತ್ತೆರಡು ವರ್ಷ ಈ ಊರಿನ ಬಣ್ಣಗಳನ್ನು ನಿರ್ಧರಿಸಿದವರ ಬಾಯಿಂದ ಆ ಮಾತು ಒಂದಿಷ್ಟೂ ತಗ್ಗದ ದನಿಯಲ್ಲಿ ಬಂದದ್ದನ್ನು ಕೇಳಿ ನಾನು ಬೆರಗಾಗಿ ನಿಂತೆ. ಜೇಬಿನ ಪಟ್ಟಿಗಳನ್ನು ಒಂದೊಂದಾಗಿ ಕಲ್ಲಿನಂಚಿಗೆ ಇಡುತ್ತ ಹೋದರು. ಕಡುಗೆಂಪಿಗೆ ಅಮ್ಮ, “ಅಲ್ಲೇನೋ ಗೆರೆ ಎಳೆದ ಹಾಗಿದೆ,” ಎಂದಳು. ಕೋಟು ಕಳಚಿ, ಮಂಡಿಯೂರಿ, ತಮ್ಮ ಹಳದಿಯನ್ನು ತಾವೇ ಉಪ್ಪುಕಾಗದದಿಂದ ಉಜ್ಜಿ ತೆಗೆಯತೊಡಗಿದ ಅತ್ತಿಗೆಯನ್ನು ತಡೆಯಲಾರದೆ, ಎಂಜಿನಿಯರರು ಕೊನೆಗೆ ಅವರ ತಲೆಯ ಮೇಲೆ ಕೊಡೆ ಹಿಡಿದು ನಿಂತರು.

ಇಂದು ನಡುಮಧ್ಯಾಹ್ನ, ಉದ್ಘಾಟನೆಯ ಭಾಷಣಗಳು ಮುಗಿದ ಮೇಲೆ, ಅಮ್ಮ ನನ್ನ ಕೈ ಕೊಡವಿದಳು. “ಬಿಡೋ, ಎಳೆಮಗುವೇನು ನಾನು?” ಪ್ರತಿ ಕೆಂಪುಗೆರೆಗೂ ಒಂದೊಂದು ಎಣಿಸುತ್ತ ಇಳಿದು, “ಹನ್ನೆರಡು” ಎಂದು ನೆಲದ ಮೇಲೆ ನಿಂತು, “ಸೊಸೆ ಎಲ್ಲೋ?” ಎಂದು ಕೇಳಿದಳು. ಸೊಸೆ ಚೌಕದ ಆಚೆ ತುದಿಯಲ್ಲಿ ಇನ್ನೂ ಹಿಂದಕ್ಕೆ ನಡೆಯುತ್ತಿದ್ದರು.

ಊರಿನ ಬಯಲುಗಳಿಗೆ ಬಣ್ಣ ಕೊಡುವ ಇಂಥವರ ಹೆಸರು ಉದ್ಘಾಟನೆಯ ಫಲಕದಲ್ಲಿರುವುದಿಲ್ಲ. ಅವರ ಕೆಲಸ ಸರಿಯಾಗಿದ್ದ ದಿನ ಸಾವಿರ ಜನ ಅದರ ಮೇಲೆ ಕಾಲಿಟ್ಟು, ಬೇರೇನನ್ನೋ ಯೋಚಿಸುತ್ತ, ಬೀಳದೆ ಮನೆ ಸೇರುತ್ತಾರೆ.

ಖರ್ಚು: ಕೆಂಪು ಬಣ್ಣ ನಾಲ್ಕು ಲೀಟರು, ಉಪ್ಪುಕಾಗದ ಎಂಟು ಹಾಳೆ, ಅತ್ತಿಗೆಯ ಎರಡು ಹಗಲು, ಹೋಗುವಾಗ ಟ್ಯಾಕ್ಸಿ. ಇಂದು ಬರುವಾಗ ಅಮ್ಮ ನಡೆದೇ ಬಂದಳು.