ಹೊರಗಿನ ಕೋಣೆಯ ಕುರ್ಚಿ

ನಮ್ಮ ಮನೆಯಲ್ಲಿ ನಾನು ಹೊರಗಾದರೆ ಮೊದಲು ಕಂಗಾಲಾಗುವುದು ಅಡಿಗೆಮನೆ. ಅತ್ತೆ ಗೋಪಿಕಾಬಾಯಿ ಮಡಿಯಲ್ಲಿ ಮಾಡಿದ್ದನ್ನು ಬಿಟ್ಟು ಬೇರೆ ಉಣ್ಣುವವರಲ್ಲ. ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡ ಮೇಲೆ ಅವರಿಂದ ಒಲೆಯ ಕೆಲಸ ಆಗುವುದಿಲ್ಲ. ಉಳಿದವರು ನನ್ನ ಗಂಡ ಪ್ರಾಣೇಶ. ಸವಣೂರಿನ ಕೋರ್ಟಿನಲ್ಲಿ ಎದುರು ವಕೀಲರ ನೀರಿಳಿಸುವ ಈ ಮನುಷ್ಯನಿಗೆ ಸಾರಿಗೆ ಎಷ್ಟು ನೀರು ಎಂಬುದು ಗೊತ್ತಿರಲಿಲ್ಲ. ನಾನು ಹೊರಗಿನ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಪ್ಪು, ಹುಣಸೆಹಣ್ಣು, ಬೆಲ್ಲ ಎಂದು ಒಂದೊಂದಾಗಿ ಕೂಗಿ ಹೇಳಬೇಕಿತ್ತು.

ಮೂರು ದಿನದ ಮಾತಾಗಿದ್ದರೆ ನಡೆಯುತ್ತಿತ್ತು. ಮದುವೆಯಾದಾಗಿನಿಂದ ನಡೆದೇ ಇತ್ತು. ಆದರೆ ನಲವತ್ತೆಂಟು ತುಂಬಿದ ಮೇಲೆ ನನ್ನ ಮೈ ಯಾವ ಲೆಕ್ಕಕ್ಕೂ ಸಿಗದಂತಾಯಿತು. ಒಮ್ಮೆ ಎರಡು ತಿಂಗಳು ಸುಳಿವೇ ಇಲ್ಲ. ಆಮೇಲೆ ಬಂದದ್ದು ವಾರ ಕಳೆದರೂ ನಿಲ್ಲಲಿಲ್ಲ, ಇನ್ನೊಂದು ವಾರಕ್ಕೂ ನಿಲ್ಲಲಿಲ್ಲ. ಯಲವಿಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ನಿಂತಾಗ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡೆ. ಶಾಲೆಯಲ್ಲಿ ನಾನು ಯಾರನ್ನು ಬೇಕಾದರೂ ಮುಟ್ಟಬಹುದು, ಮನೆಗೆ ಬಂದರೆ ಹೊರಗಿನ ಕೋಣೆ. ಇದನ್ನು ಕೇಳಿ ಸಿಟ್ಟಿಗೇಳುವವರು ಏಳಲಿ. ಸುಳ್ಳೇಕೆ ಹೇಳಲಿ, ಆ ಕುರ್ಚಿ ನನಗೆ ಇಷ್ಟವೇ ಆಗಿತ್ತು.

ಇಷ್ಟವಾಗದೆ ಇದ್ದದ್ದು ಅತ್ತೆಯ ಅವಸ್ಥೆ. ಮಗನ ಅಡಿಗೆ ಉಂಡು ಅವರು ಇಳಿದುಹೋಗಿದ್ದರು.

"ಅವನ ಸಾರು ಉಣ್ಣೂದಕ್ಕಿಂತ ದಿನಾ ಏಕಾದಶಿ ಮಾಡೂದು ಚಲೋ," ಎಂದು ನಗುತ್ತಲೇ ಹೇಳುತ್ತಿದ್ದರು. ಬಾಳೆಹಣ್ಣು, ಹಾಲಿನಲ್ಲಿ ಊಟ ಮುಗಿಸುವ ಆ ಜೀವದ ಕೊರಳ ಎಲುಬು ಕಂಡಾಗ ನನಗೆ ಬಹಳ ಸಂಕಟವಾಯಿತು. ಗರ್ಭಕೋಶ ತೆಗೆಸಿಬಿಡುವುದೆಂದು ಅವತ್ತೇ ತೀರ್ಮಾನಿಸಿದೆ. ನಮ್ಮ ಕಡೆ ಅದೇನು ಹೊಸದಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡುವ ಫಕ್ಕೀರವ್ವ ಎಂದೋ ತೆಗೆಸಿಕೊಂಡವಳು. "ತೆಗಸಿ ಒಗೀರಿ ಟೀಚರ್. ಮಕ್ಕಳು ದೊಡ್ಡವಾಗ್ಯಾವು, ಇನ್ನ ಅದನ್ನ ಇಟಗೊಂಡು ಏನ ಮಾಡಾಕತ್ತೀರಿ?" ಎಂದಿದ್ದಳು. ಒಮ್ಮೆ ತೆಗೆಸಿದರೆ ನಾನು ವರ್ಷವಿಡೀ ಒಳಗೆ, ಅತ್ತೆಗೆ ದಿನಾ ಬಿಸಿ ಊಟ. ನನ್ನ ಲೆಕ್ಕದಲ್ಲಿ ತಪ್ಪೇ ಕಾಣಲಿಲ್ಲ.

ಡಾಕ್ಟರ್ ನುಜಹತ ಅವರ ಹತ್ತಿರ ಇದಕ್ಕೂ ಮೊದಲು ಮಳೆಗಾಲದಲ್ಲಿ ಒಮ್ಮೆ ಹೋಗಿದ್ದೆ. ರಕ್ತಸ್ರಾವ ಕಡಿಮೆಯಾಗುವ ಗುಳಿಗೆ ಬರೆಯುವಾಗ, ಬೇರೆ ಏನಾದರೂ ತಗೊಳ್ಳುತ್ತೀರಾ ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಗುಳಿಗೆಯಿಂದ ಗುಣವಾಗಲಿಲ್ಲ. ಆಮೇಲೆ ಶಿಗ್ಗಾಂವಿಯಲ್ಲಿ ಸ್ಕ್ಯಾನಿಂಗ್ ಆಯಿತು, ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದರು. ಅದರ ಒಂದು ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಅದರ ವರದಿ ಬಂದ ದಿನ ಗಂಡ ಹೆಂಡತಿ ಇಬ್ಬರೂ ಅವರ ಎದುರು ಕೂತಿದ್ದೆವು.

"ಕ್ಯಾನ್ಸರ್ ಇಲ್ಲ, ಗಡ್ಡಿ ಇಲ್ಲ. ಮೈಯಾಗ ರಕ್ತ ಭಾಳ ಕಡಿಮಿ ಆಗೇತಿ, ಅಷ್ಟ," ಎಂದರು ಡಾಕ್ಟರು. "ಮುಟ್ಟು ನಿಲ್ಲೋ ವಯಸ್ಸಿನ್ಯಾಗ ಹಿಂದ ಮುಂದ ಆಗೋದು ಖರೆ. ಆದ್ರ ನಿಮಗ ಪೂರಾ ನಿಂತು, ಮತ್ತ ಒಮ್ಮೆಲೆ ಯಾಕ ಹಿಂಗ ಬರಾಕತ್ತೈತಿ ಅನ್ನೋದ ತಿಳೀವಲ್ದು."

ನಮ್ಮ ವಕೀಲರು ಗಂಟಲು ಸರಿಮಾಡಿಕೊಂಡರು. "ಹಬ್ಬದ ಗುಳಿಗಿದ್ದು ಏನರ ಸಂಬಂಧ ಇರಬಹುದೇನ್ರಿ?"

"ಯಾವ ಹಬ್ಬದ ಗುಳಿಗಿ?"

ನಮ್ಮಂಥ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಶ್ರಾವಣದ ಪೂಜೆ, ಅನಂತನ ವ್ರತ, ಮಾವನವರ ಶ್ರಾದ್ಧ, ನವರಾತ್ರಿ, ದೀಪಾವಳಿ ಹತ್ತಿರ ಬಂದವೆಂದರೆ ಮುಟ್ಟನ್ನು ಮುಂದೆ ಹಾಕುವ ಗುಳಿಗೆ ಬರುತ್ತದೆ. ಕರ್ಪೂರ, ಊದಿನಕಡ್ಡಿ ತರುವ ಚೀಲದಲ್ಲೇ ಪ್ರಾಣೇಶ ಅದನ್ನೂ ಮೆಡಿಕಲ್ ಅಂಗಡಿಯಿಂದ ತರುತ್ತಿದ್ದರು. ಡಾಕ್ಟರಿಗೆ ಇಲ್ಲ ಎಂದಾಗ ನಾನು ಮುಚ್ಚಿಟ್ಟಿರಲಿಲ್ಲ. ಅದನ್ನು ಔಷಧವೆಂದು ಎಣಿಸಿಯೇ ಇರಲಿಲ್ಲ. ಅದು ಪೂಜೆಯ ಸಾಮಾನು.

ಪ್ರಾಣೇಶ ಎಲ್ಲ ಬಿಡಿಸಿ ಹೇಳಿದಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಟೀಚರ್, ಅದೂ ಹಾರ್ಮೋನ್ ಐತಿ. ತಗೊಂಡಾಗ ತಡದು ನಿಲ್ಲಸತೈತಿ, ಬಿಟ್ಟ ಕೂಡ್ಲೆ ಕೆರಿ ಒಡ್ಡು ಒಡದಂಗ ಬರತೈತಿ. ಶ್ರಾವಣದಿಂದ ದೀಪಾವಳಿ ತನಕಾ ನಿಮ್ಮಷ್ಟಕ್ಕ ನೀವ ಹಿಡಕೋಂತ ಬಿಟಕೋಂತ ಹೋದ್ರ, ನಾ ಕೊಟ್ಟ ಗುಳಿಗಿ ಪಾಪ ಏನ ಮಾಡಬೇಕು?"

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಗಟ್ಟಿಯಾಗಿ ಮಾತಾಡುತ್ತೇನೆ. "ಅದೆಲ್ಲ ಬ್ಯಾಡ್ರಿ. ತಗದ ಬಿಡ್ರಿ ಅದನ್ನ."

"ನೆಗಡಿ ಬಂತಂತ ಮೂಗು ಕೊಯ್ಕೊತಾರೇನ್ರಿ?" ಎಂದರು ಡಾಕ್ಟರು. ಅವರ ಮಾತಿನ ಪ್ರಕಾರ ದಾರಿಗಳು ಇನ್ನೂ ಇದ್ದವು. ಅವರು ಹೇಳಿದ ಹಾಗೆ ತಪ್ಪದೆ ಕೆಲವು ತಿಂಗಳು ಹಾರ್ಮೋನ್ ಗುಳಿಗೆ ತಗೊಳ್ಳಬಹುದು. ಇಲ್ಲವಾದರೆ ಗರ್ಭಕೋಶದೊಳಗೆ ಕೂರಿಸುವ ವಂಕಿ. ಮಕ್ಕಳಾಗದಂತೆ ಹಾಕುವ ವಂಕಿಯ ಹಾಗೆಯೇ ಇರುತ್ತದೆ, ಆದರೆ ಇದರಿಂದ ದಿನಾ ಒಂದಿಷ್ಟು ಹಾರ್ಮೋನ್ ಒಳಗೇ ಇಳಿದು ಪದರ ತೆಳ್ಳಗಾಗುತ್ತದೆ. ವರ್ಷಗಟ್ಟಲೆ ಇರುತ್ತದೆ, ಅಷ್ಟರಲ್ಲಿ ಮುಟ್ಟು ತಾನೇ ನಿಲ್ಲುವ ಕಾಲ ಬಂದಿರುತ್ತದೆ. ಒಳಪದರವನ್ನಷ್ಟೇ ಸುಡುವ ಉಪಾಯವೂ ಇದೆ. ಯಾವುದರಿಂದಲೂ ಆಗದಿದ್ದರೆ ಆಪರೇಶನ್ನು, ಅದನ್ನು ತಾವೇ ಮುಂದೆ ನಿಂತು ಮಾಡಿಸುವುದಾಗಿ ಹೇಳಿದರು. ನನಗೆ ವಂಕಿಯೇ ಸರಿ ಎಂಬುದು ಅವರ ಅಭಿಪ್ರಾಯ.

"ಒಂದ ಮಾತು," ಎಂದರು. "ಹಾಕಿದ ಮ್ಯಾಲೆ ನಾಲ್ಕಾರು ತಿಂಗಳು ಆಗಾಗ ಚುಕ್ಕಿ ಚುಕ್ಕಿ ರಕ್ತ ಕಾಣತೈತಿ. ಅದಕ್ಕ ಅಂಜಬ್ಯಾಡ್ರಿ."

ನಾನು ಅಂಜಿದ್ದು ಅದಕ್ಕೇ. ಇವತ್ತು ಚುಕ್ಕೆ, ನಾಳೆ ಇಲ್ಲ, ನಾಡಿದ್ದು ಮತ್ತೆ. ಯಾವ ದಿನ ಹೊರಗೆ, ಯಾವ ದಿನ ಒಳಗೆ? ಆರು ತಿಂಗಳು ಪ್ರಾಣೇಶರ ಸಾರು ಉಂಡು ಅತ್ತೆ ಬದುಕಬೇಕಲ್ಲ.

"ಹಂಗಾದ್ರ ಆಪರೇಶನ್ನ ಮಾಡ್ರಿ," ಎಂದೆ.

"ಯಾರ ಸಲುವಾಗಿ?"

ನನಗೆ ಸಿಟ್ಟು ಬಂತು, ಚೀಲ ಎತ್ತಿಕೊಂಡು ಎದ್ದೆ. ಮನೆಗೆ ಹೋಗಿ ಮಾತಾಡಿಕೊಂಡು ಬರ್ರಿ ಎಂದು ಕಳಿಸಿದರು.

ಮನೆಗೆ ಬಂದು ಕುರ್ಚಿಯಲ್ಲಿ ಮುಖ ಗಂಟುಹಾಕಿಕೊಂಡು ಕೂತೆ. ಅತ್ತೆ ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂತು, ಡಾಕ್ಟರು ಏನೆಂದರು ಎಂದು ಕೇಳಿದರು. ಹಬ್ಬದ ಗುಳಿಗೆಯಿಂದ ಚುಕ್ಕೆಯವರೆಗೆ ಎಲ್ಲ ಹೇಳಿದೆ. ಅವರು ಮಣೆಯನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿಕೊಂಡರು.

"ಇದು ಬ್ಯಾನಿ ಅಂತ ನನಗ್ಯಾಕ ಹೇಳಲಿಲ್ಲ, ಪದ್ಮಜಾ?"

"ಹೊರಗಾಗೇನಿ ಅಂತ ಹೇಳಿದ್ನಲ್ಲರಿ."

"ಹೊರಗಾಗೂದು ಬ್ಯಾರೆ, ಬ್ಯಾನಿ ಬ್ಯಾರೆ. ಬ್ಯಾನಿಯಿಂದ ಹೋಗೂ ರಕ್ತಕ್ಕ ಮೈಲಿಗಿ ಇಲ್ಲ ಅಂತ ನಿಮ್ಮ ಮಾವನವರು ಕೇಳಿದವರಿಗೆಲ್ಲಾ ಹೇಳ್ತಿದ್ರು. ನಾಲ್ಕನೇ ದಿನ ತಲಿಮ್ಯಾಲೆ ನೀರ ಹಾಕ್ಕೊಂಡು ಒಳಗ ಬರಬೇಕು. ಶಾಸ್ತ್ರದಾಗನ ಅದ."

ಹಾನಗಲ್ಲು, ಹಿರೇಕೆರೂರಿನಿಂದ ಜನ ಧರ್ಮಶಾಸ್ತ್ರ ಕೇಳಲು ಮಾವನವರ ಹತ್ತಿರ ಬರುತ್ತಿದ್ದುದನ್ನು ನಾನೂ ಕಂಡಿದ್ದೆ. ಅವರಿಗೆಲ್ಲ ಚಹಾ ಮಾಡಿ ಕೊಟ್ಟಿದ್ದೆ. ಅವರು ಏನು ಕೇಳುತ್ತಾರೆಂದು ನಿಂತು ಕೇಳಿಸಿಕೊಂಡಿರಲಿಲ್ಲ. ಸಿಟ್ಟು ಈಗ ಅತ್ತೆಯ ಮೇಲೆ ತಿರುಗಿತು.

"ಹಂಗಾದ್ರ ಇಷ್ಟ ದಿವಸ ಯಾಕ ಸುಮ್ಮನಿದ್ರಿ? ಏನಾಗೇದ ಅಂತ ಒಂದ ಮಾತ ಕೇಳಬಾರದಿತ್ತೇನ್ರಿ? ಮಗನ ಸಾರು ಉಂಡು ಸೊರಗಿ ಕಡ್ಡಿ ಆಗೀರಿ."

"ಕೇಳಬೇಕಂತ ಈ ಬಾಗಲ ತನಕಾ ಬಂದಿದ್ದೆ," ಎಂದರು ಅತ್ತೆ. "ನೀ ಕಾಲ ಚಾಚಿ ಪೇಪರ ಓದ್ಕೋತ ಕೂತಿದ್ದಿ. ಈ ಮನಿಗೆ ಬಂದಾಗಿಂದ ನೀ ಕೂತಿದ್ದು ನಾ ನೋಡಿದ್ದು ಈ ಕುರ್ಚಿಮ್ಯಾಲೆ ಮಾತ್ರ. ಇನ್ನೊಂದೀಟು ಕೂಡಲಿ ಅಂತ ಹೊಳ್ಳಿ ಹೋದೆ."

ನನಗೆ ಅಳು ಬಂತು. ಅವರ ಹಸಿವೆ ನೋಡಲಾರದೆ ನಾನು ಹೊಟ್ಟೆ ಕೊಯ್ಸಿಕೊಳ್ಳಲು ಹೊರಟಿದ್ದೆ. ನನ್ನ ದಣಿವು ನೋಡಲಾರದೆ ಅವರು ಅರೆಹೊಟ್ಟೆಯಲ್ಲಿದ್ದರು. ಇಬ್ಬರೂ ಒಂದು ಮಾತು ಆಡಿರಲಿಲ್ಲ.

"ನನ್ನ ಊಟದ ಸಲುವಾಗಿ ಏನೂ ತಗಸೂದು ಬ್ಯಾಡ," ಎಂದು ಅವರು ಎದ್ದರು. "ಮುಂದ ಹಬ್ಬದ ಗುಳಿಗೀನೂ ಬ್ಯಾಡ. ಹಬ್ಬ ಪ್ರಾಣೇಶ ಮಾಡ್ತಾನ."

ವಂಕಿ ಹಾಕಿಸಿಕೊಂಡೆ. ಹಾಕುವಾಗ ಸ್ವಲ್ಪ ನೋವಾಯಿತು, ಮೂರನೆಯ ದಿನ ಶಾಲೆಗೆ ಹೋದೆ. ಡಾಕ್ಟರು ಹೇಳಿದಂತೆ ಕೆಲವು ತಿಂಗಳು ಚುಕ್ಕೆಗಳು ಕಂಡವು, ಆಮೇಲೆ ಅವೂ ಕಡಿಮೆಯಾದವು. ಕಬ್ಬಿಣದ ಗುಳಿಗೆಯಿಂದ ಮುಖಕ್ಕೆ ಬಣ್ಣ ಬಂದಿದೆ, ಅತ್ತೆ ಮೈ ತುಂಬಿಕೊಂಡಿದ್ದಾರೆ. ಅಡಿಗೆ ನನ್ನದೇ. ರವಿವಾರ ಮಾತ್ರ ಪ್ರಾಣೇಶರದು, ಕಲಿತದ್ದು ಮರೆಯಬಾರದೆಂದು ತಾಯಿಯ ಅಪ್ಪಣೆಯಾಗಿದೆ.

ಹೋದ ರವಿವಾರ ಹೊರಗಿನ ಕೋಣೆಯ ಕುರ್ಚಿಯಲ್ಲಿ ಕಾಲು ಚಾಚಿ ಪೇಪರ್ ಹಿಡಿದಿದ್ದೆ. ಮಡಿಧೋತರ ಉಟ್ಟ ಪ್ರಾಣೇಶ ಸೌಟು ಹಿಡಿದು ಬಾಗಿಲಿಗೆ ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು.

"ಮತ್ತ ಹೊರಗಾದೇನು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು.

"ಇಲ್ಲೋ. ಸುಮ್ಮನ ಕೂತಾಳ. ನೀ ಸಾರು ನೋಡು."