ಗಾದಿಯೊಳಗಿನ ಗಡಿಯಾರಗಳು

ಉಮಾಶ್ರೀ ಬಾನುಬಿಯ ಗಾದಿ ಅಂಗಡಿಗೆ ಹೋದದ್ದು ದಿಂಬಿಗೆ ಹತ್ತಿ ತುಂಬಿಸಲು. ತಲೆಯ ತುಂಬ ಮಾತ್ರ ಬೇರೆಯದೇ ಚಿಂತೆ. ಬೈಲಹೊಂಗಲದ ಹೊರಗಿನ ಶೆಡ್ಡೊಂದರಲ್ಲಿ ಅವಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಅಂಗಿ ಹೊಲಿಯುತ್ತಿದ್ದಳು. ಅಲ್ಲಿನ ಗೋಡೆ ಗಡಿಯಾರ ಬೆಳಿಗ್ಗೆ ಹತ್ತು ನಿಮಿಷ ಮುಂದೆ ಓಡುತ್ತಿತ್ತು, ಸಂಜೆ ಹತ್ತು ನಿಮಿಷ ಹಿಂದೆ ಕುಂಟುತ್ತಿತ್ತು. ಮುಳ್ಳು ತಿರುಗಿಸುವ ಕೈ ಸೂಪರ್‌ವೈಜರ್ ಮಹಾದೇವನದು. ನಲವತ್ತು ಹೆಂಗಸರಿಂದ ದಿನಕ್ಕೆ ಇಪ್ಪತ್ತಿಪ್ಪತ್ತು ನಿಮಿಷ. ಕಳ್ಳತನಕ್ಕೆ ಕನ್ನವನ್ನೇ ಕೊರೆಯಬೇಕೆಂದಿಲ್ಲ. ಫೋನುಗಳು ಗೇಟಿನಲ್ಲೇ ಅವನ ಡಬ್ಬಿ ಸೇರುತ್ತಿದ್ದವು. ಪಕ್ಕದ ಮಷಿನ್ನಿನ ರೇಣು ಒಮ್ಮೆ ಕೈಗಡಿಯಾರ ಕಟ್ಟಿಕೊಂಡು ಹೋದಾಗ, "ನಿಂದೊಂದ ಖರೇ ಏನು?" ಎಂದು ನಕ್ಕಿದ್ದ. ಹಾಜರಿ ಪುಸ್ತಕದಲ್ಲಿ ಉಮಾಶ್ರೀಯ ಹೆಸರಿನ ಮುಂದೆ ಎರಡು ಸಲ 'ತಡ' ಬಿದ್ದಾಗಿತ್ತು. ಮೂರನೆಯದು ಬಿದ್ದರೆ ಕೆಲಸವೇ ಇಲ್ಲ.

ಅಂಗಡಿಯ ಹಿಂಗೋಡೆಯಲ್ಲಿ ಹದಿನಾರು ಹಳೆಯ ಕೈಗಡಿಯಾರಗಳು ತೂಗುತ್ತಿದ್ದವು. ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೂರು.

"ಚಾಚಿ, ಗಾದಿ ಅಂಗಡ್ಯಾಗ ಗಡಿಯಾರ ಯಾಕ?"

"ಹಳೇ ಗಾದಿ ಬಿಚ್ಚಿದಾಗ ಸಿಕ್ಕಾವ ಬೇಟಿ. ಗಂಡ ಕುಡ್ಯಾಕ ಮಾರತಾನಂತ ಹೆಂಗಸ್ರು ಹತ್ತ್ಯಾಗ ಹುದುಗಸ್ತಿದ್ರು, ಆಮ್ಯಾಲ ತಾವ ಮರೀತಿದ್ರು. ಹುಡಿಕ್ಕೊಂಡು ಬಂದ್ರ ಗುರುತು ಹಿಡೀಲಿ ಅಂತ ಆ ಗಾದೀ ಅರಿವೀನ ಕಟ್ಟೇನಿ."

"ಎಲ್ಲಾ ನಡ್ಯಾಕ ಹತ್ತ್ಯಾವಲ್ಲ."

"ದಿನಾ ಮುಂಜಾನಿ ಧಾರವಾಡ ರೇಡಿಯೋ ವ್ಯಾಳೆ ಹೇಳಿದ ಕೂಡ್ಲೆ ಚಾವಿ ಕೊಡತೇನಿ. ಅಮಾನತ್ ಅದ, ಮಂದೀ ಸೊತ್ತು ಕಾಯೂದು. ನಿಂತ ಗಡಿಯಾರ ಹೊಳ್ಳಿ ಹೆಂಗ ಕೊಡೂದು?"

"ಇದರಾಗಿನ ಏಳು ಗಡಿಯಾರ ನನಗ ಮಾರತೀರೇನು? ನಾವು ಕೂಡಿ ಕೆಲಸಕ್ಕ ಹೋಗೋರು ಏಳು ಮಂದಿ ಅದೇವಿ."

"ಮಂದೀದು ಮಾರಾಕ ನಾ ಯಾರು?"

ಉಮಾಶ್ರೀ ಶೆಡ್ಡಿನ ಕತೆಯನ್ನೆಲ್ಲ ಹೇಳಿದಳು. ಬಾನುಬಿ ಹತ್ತಿ ಬಡಿಯುವ ಕೋಲನ್ನು ಕೆಳಗಿಟ್ಟಳು.

"ಮಾರೂದಿಲ್ಲ, ಕಟಗೊಂಡು ಹೋಗ್ರಿ. ಖರೇ ಹೇಳಾಕ ಅಂದ್ರ ಅದರ ಮಾಲಕೀನೂ ಬ್ಯಾಡ ಅನ್ನಾಂಗಿಲ್ಲ. ನೀರಾಗ ಕೈ ಹಾಕಬ್ಯಾಡ್ರಿ ಮತ್ತ."

ಮರುದಿನ ಬೆಳಿಗ್ಗೆ ಉಮಾಶ್ರೀ, ರೇಣು ಸೇರಿ ಏಳು ಮಂದಿ ಬಾನುಬಿಯ ಅಂಗಡಿಯಿಂದಲೇ ಶೆಡ್ಡಿಗೆ ನಡೆದರು. ಗೋಡೆಯ ಗಡಿಯಾರದಲ್ಲಿ ಒಂಬತ್ತು ದಾಟಿ ಐದು ನಿಮಿಷ. ಉಮಾಶ್ರೀಯನ್ನು ಕಂಡು ಮಹಾದೇವ ಖುಷಿಯಿಂದಲೇ ಪೆನ್ನು ತೆರೆದ. ಏಳು ಕೈಗಳು ಅವನ ಮೂಗಿನ ಕೆಳಗೆ ಬಂದವು. ಏಳರಲ್ಲೂ ಒಂಬತ್ತಕ್ಕೆ ಐದು ನಿಮಿಷ ಬಾಕಿ.

"ಇವೇನು, ನಿಮ್ಮಜ್ಜಿ ಕಾಲದ ಗುಜರಿ?"

"ಹೌದ್ರಿ, ನಮ್ಮ ಅಜ್ಜಿಗೋಳವ. ಏಳೂ ಸುಳ್ಳಂದ್ರ ನಿಮ್ಮ ಕಿಸೇದಾಗಿನ ಫೋನ್ ತಗೀರಿ, ನೋಡೂಣು" ಎಂದಳು ಉಮಾಶ್ರೀ.

ಅವನ ಕೈ ಕಿಸೆಯವರೆಗೆ ಹೋಗಿ ಬರಿದೇ ಮರಳಿತು. ಹಿಂದೆ ಬಂದ ಹೆಂಗಸರೂ ಒಳಗೆ ಹೋಗದೆ ನಿಂತರು.

"ಬರದಬಿಡ್ರಿ," ಎಂದಳು ರೇಣು, "ನಿಮಗೂ ತಡ ಆಗಾಕ ಹತ್ತೇತಿ."

ಅವನು 'ಹಾಜರು' ಎಂದು ಬರೆದ.

ಸಂಜೆ ಐದೂವರೆಗೆ ಉಮಾಶ್ರೀ ಮಷಿನ್ ನಿಲ್ಲಿಸಿದಳು. ಗೋಡೆಯಲ್ಲಿನ್ನೂ ಐದೂ ಇಪ್ಪತ್ತು. ಅವಳ ಹಿಂದೆ ಆರು ಮಷಿನ್ ನಿಂತವು, ಆಮೇಲೆ ಉಳಿದವೆಲ್ಲವೂ. ಮಹಾದೇವ ಸ್ಟೂಲು ಎಳೆದು, ಹತ್ತಿ, ಮುಳ್ಳು ತಿರುಗಿಸುವಷ್ಟರಲ್ಲಿ ಹೆಂಗಸರು ಗೇಟು ದಾಟಿ, ಯಾರ ಕೈಯಲ್ಲಿ ಯಾವುದು ಚೆಂದ ಕಾಣುತ್ತದೆಂದು ಜಗಳಕ್ಕೆ ನಿಂತಿದ್ದರು.