ಎಡಗಡೆಯ ಹದ

ಕಾರು ಕೊಳ್ಳುವವರು ಬಣ್ಣ ನೋಡುತ್ತಾರೆ, ಸೀಟಿನ ಬಟ್ಟೆ ಸವರುತ್ತಾರೆ, ಹಾಡು ಹಾಕಿ ಕೇಳುತ್ತಾರೆ. ಬಗ್ಗಿ ಚಕ್ರದ ಹಿಂದೆ ಇಣುಕಿದವರನ್ನು ನಾನಂತೂ ಕಂಡಿಲ್ಲ. ಅಲ್ಲಿ ಕೆಸರು ಮೆತ್ತಿಕೊಂಡು, ಮೈಗೆ ಸ್ಪ್ರಿಂಗ್ ಸುತ್ತಿಕೊಂಡು ನಿಂತಿರುವವನು ನಾನು, ಶಾಕ್ ಅಬ್ಸಾರ್ಬರ್. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ‘ಶಾಕಪ್ಸರ್’ ಅನ್ನುತ್ತಾರೆ. ಕರೆಯುವುದೇ ಅಪರೂಪ, ಹೇಗೆ ಕರೆದರೂ ಓಗೊಡುತ್ತೇನೆ. ರಸ್ತೆಯ ಗುಂಡಿ ಕೊಡುವ ಪೆಟ್ಟನ್ನು ನಾನು ತಿನ್ನುತ್ತೇನೆ, ಮೇಲೆ ಕೂತವರು ಮಾತು ಮುಂದುವರಿಸುತ್ತಾರೆ. ಇಷ್ಟೇ ನನ್ನ ಕಸುಬು.

ಪುಣೆಯ ಆಚೆಯ ಒಂದು ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಎಣ್ಣೆ ಹೊಯ್ದು ಬಾಯಿ ಮುಚ್ಚಿದರು. ಅದೇ ನನ್ನ ಹುಟ್ಟು. ನಾವು ನಾಲ್ವರು ಅಣ್ಣತಮ್ಮಂದಿರು ಒಂದೇ ಡಬ್ಬಿಯಲ್ಲಿ ಮಲಗಿ ಬಂದೆವು. ಕಾರಿನ ಜೊತೆ ಹುಟ್ಟಿದ ಶಾಕಪ್ಸರುಗಳು ಬೇರೆ. ನಾವು ಅವು ಸವೆದ ಮೇಲೆ ಬಂದು ಸೇರಿಕೊಳ್ಳುವವರು. ನಮ್ಮ ವಿಶೇಷವೆಂದರೆ ತಲೆಯ ಮೇಲೊಂದು ಸಣ್ಣ ತಿರುಪು. ಒಂದು ಕಡೆ ತಿರುಗಿಸಿದರೆ ಹೊಟ್ಟೆಯೊಳಗೆ ಎಣ್ಣೆ ಹರಿಯುವ ದಾರಿ ಕಿರಿದಾಗಿ ನಾವು ಬಿರುಸಾಗುತ್ತೇವೆ, ಇನ್ನೊಂದು ಕಡೆ ತಿರುಗಿಸಿದರೆ ಮೆತ್ತಗಾಗುತ್ತೇವೆ. ಪ್ರತಿ ಸಲ ‘ಟಿಕ್’ ಎಂದು ಸದ್ದಾಗುತ್ತದೆ.

ನನ್ನನ್ನು ಮುಂದಿನ ಎಡ ಚಕ್ರಕ್ಕೆ ಹಾಕಿದರು. ಅಂದರೆ ಚಾಲಕನ ಪಕ್ಕದಲ್ಲಿ ಕೂರುವವರ ಕೆಳಗೆ. ಆ ಸೀಟಿನಲ್ಲಿ ಯಾರು ಕೂತರೂ ನನಗೆ ಮುಖ ಕಾಣುವುದಿಲ್ಲ, ತೂಕ ಮಾತ್ರ ಗೊತ್ತಾಗುತ್ತದೆ. ತೂಕ ಸುಳ್ಳು ಹೇಳುವುದಿಲ್ಲ ಬಿಡಿ.

ನನ್ನನ್ನು ಕೊಂಡವನು ಮೌನೇಶ ಬಡಿಗೇರ. ತಕ್ಕಡಿ ರಿಪೇರಿಯವನು. ಹುಬ್ಬಳ್ಳಿ, ಕುಂದಗೋಳ, ಲಕ್ಷ್ಮೇಶ್ವರದ ಕಾಳಿನ ಅಂಗಡಿಗಳಿಗೆಲ್ಲ ಹೋಗಿ ತೂಕದ ಯಂತ್ರಗಳನ್ನು ಸರಿಮಾಡುತ್ತಿದ್ದ. ಡಿಕ್ಕಿಯ ತುಂಬ ಪರೀಕ್ಷೆಯ ತೂಕದ ಕಲ್ಲುಗಳು. ಕಬ್ಬಿಣದ್ದಾದರೂ ಅವಕ್ಕೆ ಕಲ್ಲೆಂದೇ ಹೆಸರು. ಆ ಭಾರಕ್ಕೆ ಅವನ ಸಣ್ಣ ಕಾರು ಹಿಂದೆ ಕುಸಿದು, ತಿರುವಿನಲ್ಲಿ ಹುಲ್ಲು ಹೇರಿದ ಚಕ್ಕಡಿಯ ಹಾಗೆ ವಾಲುತ್ತಿತ್ತಂತೆ. ಅದಕ್ಕೇ ನಾವು ಬಂದದ್ದು.

ಜೋಡಿಸಿದ ದಿನ ಮೆಕ್ಯಾನಿಕ್ ದಾವಲಸಾಬ ಬಿಡಿಸಿ ಹೇಳಿದ.

“ನೋಡ್ರಿ ಬಡಿಗೇರ ಅವರ, ಮೆತ್ತಗ ಇಟ್ರ ಕುಂತವರಿಗೆ ಸುಖ, ಆದ್ರ ತಿರುವಿನ್ಯಾಗ ಗಾಡಿ ವಾಲತೈತಿ. ಬಿರುಸು ಇಟ್ರ ಗಾಡಿ ರಸ್ತಾ ಕಚ್ಚಿ ಹಿಡೀತೈತಿ, ಕುಂತವರ ನಡಾ ಹೋಗತೈತಿ. ಎರಡರ ನಡುವ ಹದ ಹುಡುಕಬೇಕು. ಅದು ಕುಂತವರನ್ನ ಕೇಳಿ ಹುಡುಕಬೇಕು.”

“ಕೇಳೂದೇನೈತಿ? ಪೂರಾ ಬಿರುಸು ಇಡು,” ಅಂದ ಮೌನೇಶ.

ಟಿಕ್ ಟಿಕ್ ಟಿಕ್. ನಾನು ಕಲ್ಲಾದೆ.

ಅವನ ಖುಷಿ ಕೇಳಬೇಡಿ! ತಿರುವು ಬಂದರೆ ಸಾಕು, ಬ್ರೇಕು ಮುಟ್ಟದೆ ಬೀಸಿ ತಿರುಗಿಸುವುದು, “ಹಳಿ ಮ್ಯಾಲ ಹೋದಂಗ ಹೊಂಟೈತಿ ನೋಡು!” ಎಂದು ಸ್ಟೇರಿಂಗ್ ತಟ್ಟುವುದು. ಹಾಗೆ ಅವನು ಹೇಳುತ್ತಿದ್ದದ್ದು ಪಕ್ಕದಲ್ಲಿ ಕೂತ ಹೆಂಡತಿ ಕಸ್ತೂರಿಗೆ. ಅವಳು ಕುಂದಗೋಳದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಅವನು ಕರೆದೊಯ್ದು ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ಮನೆಯಲ್ಲಿ ಅವರಿಬ್ಬರೇ. ಅವರ ಸಂಸಾರದ ಮಾತುಕತೆಯೆಲ್ಲ ಬಹುಪಾಲು ನನ್ನ ತಲೆಯ ಮೇಲೇ ನಡೆಯುತ್ತಿತ್ತು.

ಕಸ್ತೂರಿಗೆ ಒಂದು ಅಭ್ಯಾಸವಿತ್ತು. ಅವನು ಜೋರಾಗಿ ತಿರುವು ಹಿಡಿದರೆ ಅವಳು ಎರಡೂ ಪಾದಗಳನ್ನು ನೆಲಕ್ಕೆ ಒತ್ತುವಳು, ತನ್ನ ಕಡೆಯೂ ಒಂದು ಬ್ರೇಕು ಇದ್ದ ಹಾಗೆ. ಆ ಒತ್ತು ನೇರವಾಗಿ ನನ್ನ ಮೇಲೆ ಬೀಳುತ್ತಿತ್ತು. ನನಗೆ ಅದು ಬಹಳ ಇಷ್ಟವಾಗಿತ್ತು. ಯಾರೋ ಭುಜ ಹಿಡಿದು ‘ನೀನಾದರೂ ನಿಲ್ಲಿಸೋ’ ಅಂದ ಹಾಗಿರುತ್ತಿತ್ತು.

ನಿಲ್ಲಿಸಲು ನನ್ನಿಂದ ಆದೀತೇ? ಆ ಕಡೆಯ ಎರೆಮಣ್ಣಿನ ರಸ್ತೆ ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಬಿರುಸಾದ ನಾನು ಪ್ರತಿ ಅಲೆಯನ್ನೂ ಹಾಗೆಯೇ ಮೇಲಕ್ಕೆ ಸಾಗಿಸುತ್ತಿದ್ದೆ. “ರೀ, ನಡಾ ನೋಯಾಕ ಹತ್ತೈತ್ರಿ, ಸಾವಕಾಶ ಹೊಡೀರಿ” ಎಂದು ಅವಳು ಹೇಳಿ ಹೇಳಿ ಸೋತಳು. ಕಡೆಗೊಂದು ಸಂಜೆ ಮನೆ ಮುಂದೆ ಇಳಿದು, ಬಾಗಿಲು ಹಿಡಿದುಕೊಂಡೇ ಅಂದಳು:

“ನಿಮ್ಮ ಗಾಡಿ ನಿಮಗ ಇರ್ಲಿ. ನಾಳಿಂದ ನಾ ಬಸ್ಸಿಗೆ ಹೋಗತೇನಿ.”

“ಬಸ್ಸೇನು ಹೂವಿನ ಪಲ್ಲಕ್ಕಿ ಏನ?”

“ಅಲ್ಲ. ಆದ್ರ ಬಸ್ಸಿನ್ಯಾಗ ಕುಲುಕಿದ್ರ ಯಾರ ಮ್ಯಾಲೂ ಸಿಟ್ಟ ಬರೂದಿಲ್ಲ.”

ಬಾಗಿಲು ಮೆಲ್ಲಗೆ ಹಾಕಿದಳು. ದಢಾರನೆ ಹಾಕಿದ್ದರೆ ಚೆನ್ನಾಗಿತ್ತು.

ಮೊಂಡ ರಾಜನಿಗಿಂತ ದೊಡ್ಡವನು ಅನ್ನುತ್ತಾರಲ್ಲ, ಮೌನೇಶ ಆ ಜಾತಿ. ‘ಬಾ’ ಅಂತ ಬಾಯಿಬಿಟ್ಟು ಕರೆಯಲಿಲ್ಲ. ಅವಳ ಬಸ್ಸಿನ ಹಿಂದೆ ಹಿಂದೆಯೇ ಕುಂದಗೋಳದವರೆಗೆ ಕಾರು ಓಡಿಸುವನು, ಹಾರ್ನ್ ಕೂಡ ಹೊಡೆಯುವುದಿಲ್ಲ. ಖಾಲಿ ಸೀಟಿನ ಕೆಳಗೆ ನಾನು ಸುಮ್ಮನೆ ಕುಣಿಯುತ್ತಿದ್ದೆ. ತೂಕವಿಲ್ಲದ ಶಾಕಪ್ಸರ್ ಎಂದರೆ ಕೇಳುವವರಿಲ್ಲದ ಕಥೆಗಾರನ ಹಾಗೆ. ಒಂಟಿತನ ಅಂದರೇನು ಅಂತ ನನಗೆ ಮೊದಲು ಗೊತ್ತಾದದ್ದು ಆಗ. ಅವನಿಗೂ ಗೊತ್ತಾಯಿತು ಅಂತ ಕಾಣುತ್ತದೆ, ಯಾಕೆಂದರೆ ಸ್ಟೇರಿಂಗ್ ತಟ್ಟುವುದನ್ನು ಬಿಟ್ಟಿದ್ದ.

ಆಮೇಲೆ ಒಂದು ದಿನ ದಾವಲಸಾಬನ ಗ್ಯಾರೇಜಿಗೆ ಬಂದು, “ಹದ ಮಾಡೂಣು. ಅಕಿಗೆ ಹೇಳಬ್ಯಾಡ. ಪೂರಾ ಹೊಂದಿದ ಮ್ಯಾಲ ಕರಕೊಂಡು ಬರತೇನಿ” ಅಂದ.

“ಅಕ್ಕಾರನ್ನ ಕುಂದ್ರಿಸಿ ನೋಡದ ಹೆಂಗ್ರಿ ಹದ ಮಾಡೂದು?”

“ನಾ ತಕ್ಕಡಿಯಂವ ಅದೇನಿ. ಅಕಿ ತೂಕ ನನಗ ಗೊತ್ತಿಲ್ಲೇನು?”

ಗೊತ್ತಿತ್ತು, ನಿಜ. ಮದುವೆಯಾದ ಹೊಸದರಲ್ಲಿ ಕಾಳಿನ ಅಂಗಡಿಯೊಂದರ ದೊಡ್ಡ ತಕ್ಕಡಿಯ ಮೇಲೆ ಅವಳನ್ನು ತಮಾಷೆಗೆ ನಿಲ್ಲಿಸಿದ್ದನಂತೆ. ಅವಳು ನಾಚಿ ಕೆಂಪಾಗಿದ್ದಳಂತೆ. ಆ ತೂಕ ಅವನ ಬಾಯಿಪಾಠ. ಅಷ್ಟು ಕಲ್ಲುಗಳನ್ನು ಡಿಕ್ಕಿಯಿಂದ ತಂದು ಎಡ ಸೀಟಿನ ಮೇಲೆ ಒಂದೊಂದಾಗಿ ಪೇರಿಸಿದ. ಒಂದು ಕ್ಷಣ ಯೋಚಿಸಿ, “ಈಗ ಸ್ವಲ್ಪ ದಪ್ಪ ಆಗಿರತಾಳ” ಎಂದು ನಕ್ಕು ಇನ್ನೊಂದು ಕಲ್ಲು ಇಟ್ಟ. ಕಲ್ಲುಗಳ ಪಕ್ಕ ಕಂಠಮಟ್ಟ ನೀರು ತುಂಬಿದ ತಂಬಿಗೆಯನ್ನು ಬಟ್ಟೆಯ ಸಿಂಬಿಯ ಮೇಲೆ ಕೂರಿಸಿದ.

ಅದು ದಾವಲಸಾಬನ ಪರೀಕ್ಷೆ. ರಸ್ತೆಯ ಅಲೆಯ ಮೇಲೆ ನೀರು ಚೆಲ್ಲಿದರೆ ನಾವು ಬಿರುಸು, ತಿರುವಿನಲ್ಲಿ ಚೆಲ್ಲಿದರೆ ಮೆತ್ತಗೆ. ಒಂದು ಟಿಕ್ ಇಳಿಸುವುದು, ಓಡಿಸಿ ನೋಡುವುದು. ಅರ್ಧ ದಾರಿಗೆ ನಿಂತು ಮತ್ತೆ ಏರಿಸುವುದು. ಎಷ್ಟೋ ದಿನ ಹೀಗೇ ನಡೆಯಿತು. ಕಬ್ಬಿಣದ ಹೆಂಡತಿಯನ್ನು ಕೂರಿಸಿಕೊಂಡು ಅವನು ಅದೇ ರಸ್ತೆಯಲ್ಲಿ ಹೋಗಿ ಬಂದ. ನನಗೂ ಮೊದಮೊದಲು ಮೋಸವಾಯಿತು ಅನ್ನಿ, ಅವಳೇ ಬಂದಳು ಅಂದುಕೊಂಡೆ. ಮೊದಲ ತಿರುವಿನಲ್ಲೇ ಗೊತ್ತಾಯಿತು. ಕಲ್ಲುಗಳು ಪಾದ ಒತ್ತಲಿಲ್ಲ.

ಕೊನೆಗೊಂದು ದಿನ ಒಂದು ಹನಿಯೂ ಚೆಲ್ಲಲಿಲ್ಲ. ಅಲೆಯ ಮೇಲೂ ಇಲ್ಲ, ತಿರುವಿನಲ್ಲೂ ಇಲ್ಲ. ದಾವಲಸಾಬ ತಂಬಿಗೆ ನೋಡಿ “ಶಹಬ್ಬಾಸ್!” ಅಂದ. ಮೌನೇಶ ಕಲ್ಲುಗಳನ್ನು ಸೀಟಿನ ಮೇಲೇ ಬಿಟ್ಟು ಕೆಳಗಿಳಿದು ಬಗ್ಗಿ, ನನ್ನ ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. ಎರಡು ಬೆರಳು ಬಿಗಿಯಾಗಿ ಕೂತವು. ತಕ್ಕಡಿಯವನಲ್ಲವೇ, ಆ ಬಿಗಿಯನ್ನು ಬೆರಳಿನಲ್ಲೇ ನೆನಪಿಟ್ಟುಕೊಂಡ.

ಮರುದಿನ ಸಂಜೆ ಕುಂದಗೋಳದ ಬಸ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, “ಬಾ, ಈಗ ಕುಲುಕೂದಿಲ್ಲ” ಅಂದ. ಅವಳು ವಾದ ಮಾಡಲಿಲ್ಲ. ಒಂದು ಮಾತು ಬೈಯಲಿಲ್ಲ. ಬಂದು ಕೂತಳು.

ಅಯ್ಯೋ! ಕೂತದ್ದು ಯಾರು? ನಾನು ಇಷ್ಟು ದಿನ ಹೊತ್ತ ಕಸ್ತೂರಿಯೇ ಇವಳು? ನಾನು ಬಗ್ಗಲು ಸಿದ್ಧನಾಗಿ ನಿಂತವನು ಬಗ್ಗಲೇ ಇಲ್ಲ. ಉಟ್ಟ ಸೀರೆಗೆ ಇರುವಷ್ಟೇ ಭಾರ ಅನ್ನಿಸಿತು. ಹೇಳೋಣವೆಂದರೆ ನನಗೆ ಬಾಯಿಲ್ಲ. ಇದ್ದ ಒಂದು ಸದ್ದು, ‘ಟಿಕ್’, ಅದೂ ಬೇರೆಯವರ ಕೈಯಲ್ಲಿ.

ಅವನು ಗೆದ್ದ ಹುಮ್ಮಸ್ಸಿನಲ್ಲಿ ತಂಬಿಗೆ ಅವಳ ಕೈಗೆ ಕೊಟ್ಟ. “ತೊಡಿ ಮ್ಯಾಲ ಇಟ್ಕೋ. ಒಂದ ಹನಿ ಚೆಲ್ಲಿದ್ರ ನನ್ನ ಹೆಸರು ಬದಲಿ ಮಾಡು.” ಹೊರಟೆವು. ಮೊದಲನೆಯ ಅಲೆಗೇ ನೀರು ಚೆಲ್ಲಿತು, ಎರಡನೆಯದಕ್ಕೆ ಸೆರಗು ಒದ್ದೆಯಾಯಿತು. ತುಂಬಿದ ತೂಕಕ್ಕೆ ಹೊಂದಿಸಿದ ಹದ ಬರಿದಾದ ತೂಕಕ್ಕೆ ಬಿರುಸೇ ಅಲ್ಲವೇ? ಮೌನೇಶನಿಗೆ ತಲೆಬುಡ ತಿಳಿಯಲಿಲ್ಲ. ಹೊಲದ ಪಕ್ಕ ಕಾರು ನಿಲ್ಲಿಸಿ ಇಳಿದ. ಬಗ್ಗಿ ನನ್ನ ಚಕ್ರದ ಮೇಲೆ ಬೆರಳು ತೂರಿಸಿದ.

ಎರಡು ಬೆರಳು ಸಡಿಲವಾಗಿ ಹೋದವು.

ಬೆರಳು ಹೊರಗೆ ತೆಗೆಯದೆ ಅವನು ಹಾಗೆಯೇ ಕುಕ್ಕರುಗಾಲಲ್ಲಿ ಕೂತ. ಊರಿನವರಿಗೆಲ್ಲ ಸರಿಯಾದ ತೂಕ ಹೇಳುವವನ ಮನೆಯಲ್ಲಿ ನಡೆದದ್ದು ನೋಡಿ. ದೀಪದ ಬುಡದಲ್ಲೇ ಕತ್ತಲು. ಎದ್ದು ಕಿಟಕಿಯ ಹತ್ತಿರ ಬಂದು ಅವಳ ಮುಖ ನೋಡಿದ.

“ಕಸ್ತೂರಿ... ಯಾವಾಗಿಂದ ಇಷ್ಟು ಸೊರಗೀದಿ?”

ಅವಳು ಒದ್ದೆ ಸೆರಗು ಹಿಂಡುತ್ತ ಅಂದಳು: “ತಕ್ಕಡಿ ಮ್ಯಾಲ ನಿಂದ್ರು ಅಂತ ನನಗ ಯಾರ ಅಂದ್ರು?”

ಅವಳ ನಡುನೋವು ನನ್ನಿಂದ ಬಂದದ್ದಲ್ಲವಂತೆ, ಮರುದಿನ ಅವನು ಕರೆದೊಯ್ದ ಆಸ್ಪತ್ರೆಯಲ್ಲಿ ಹಾಗೆ ಹೇಳಿದರಂತೆ. ರೋಗ ಒಳಗೆ ಬಹಳ ದಿನದಿಂದ ಬೆಳೆದಿತ್ತು. ನನ್ನಿಂದ ಬಂದದ್ದಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ದಿನವೇ ಅವನು ನಮ್ಮ ನಾಲ್ವರನ್ನೂ ಪೂರ್ತಿ ಮೆತ್ತಗೆ ಮಾಡಿದ. ಗಾಡಿ ತಿರುವಿನಲ್ಲಿ ವಾಲಿದರೆ ವಾಲಲಿ ಎಂದು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದ. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋಗುತ್ತಿದ್ದರು. ಅವನು ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಅವಳ ಕೈ ಮೇಲೆ ಇಟ್ಟು, ಪ್ರತಿ ಗುಂಡಿಗೂ ಮೊದಲೇ “ಸಣ್ಣದೊಂದು ಬಂತು ನೋಡು” ಎಂದು ಹೇಳುತ್ತಿದ್ದ.

“ಈಗ ಕೇಳ್ರಿ,” ಅಂದಳು ಒಂದು ಸಲ, “ಈಗ ನಿಮ್ಮ ಗಾಡಿ ಹದ ಆಗೈತಿ.”

ಆಸ್ಪತ್ರೆಯ ದಾರಿಯ ತಿರುವುಗಳಲ್ಲಿ ನಾನು ಕಾಯುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಅವಳು ಪಾದ ಒತ್ತಲಿ ಎಂದು. ಒತ್ತಲಿಲ್ಲ. ಹೆದರುವಷ್ಟು ಜೋರಾಗಿ ಅವನು ಓಡಿಸುತ್ತಿರಲಿಲ್ಲ, ಒತ್ತುವಷ್ಟು ಶಕ್ತಿ ಅವಳಿಗಿರಲಿಲ್ಲ. ಪ್ರತಿ ಸಲ ಅವಳು ಇನ್ನಷ್ಟು ಹಗುರಾಗಿ ಬರುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಅವನೊಬ್ಬನೇ ಬಂದು ಕಾರು ಹತ್ತಿದ.

ಅಲ್ಲಿಂದ ಮುಂದೆ ಹೇಳುವಂಥದ್ದೇನಿಲ್ಲ. ಎಡ ಸೀಟಿನಲ್ಲಿ ಯಾರೂ ಕೂರಲಿಲ್ಲ. ತೂಕದ ಕಲ್ಲುಗಳು ಡಿಕ್ಕಿಯಲ್ಲೇ ಇದ್ದವು, ಅವನ್ನು ಮುಂದೆ ತಂದಿಡಲೂ ಇಲ್ಲ. ದಾವಲಸಾಬ ಪ್ರತಿ ಸಲ ಕೇಳುವನು: “ಒಬ್ಬರ ಓಡಾಡತೀರಿ, ಡಿಕ್ಕಿ ತುಂಬ ಭಾರ. ನಾಕು ಟಿಕ್ ಬಿರುಸು ಮಾಡಲೇನ್ರಿ? ತಿರುವಿನ್ಯಾಗ ಜ್ವಾಕಿ.” ಮೌನೇಶ “ಇರ್ಲಿ ಬಿಡು” ಅನ್ನುವನು. ಖಾಲಿ ಸೀಟನ್ನು ತೊಟ್ಟಿಲ ಹಾಗೆ ತೂಗಿಕೊಂಡು ಎಷ್ಟೋ ವರ್ಷ ಆ ಎರೆನೆಲದ ರಸ್ತೆಯಲ್ಲಿ ಓಡಾಡಿದೆವು. ಯಾವ ತಿರುವಿನಲ್ಲೂ ಅವನು ಬೀಸಿ ತಿರುಗಿಸಲಿಲ್ಲ. ಗುಂಡಿ ಬಂದರೆ ಒಬ್ಬನೇ ಇದ್ದರೂ ಮೆಲ್ಲಗೆ ಹೇಳುತ್ತಿದ್ದ, “ಸಣ್ಣದೊಂದು ಬಂತು ನೋಡು.”

ನನಗೂ ವಯಸ್ಸಾಯಿತು. ಕುತ್ತಿಗೆಯ ರಬ್ಬರು ಹರಿದು ಹೊಟ್ಟೆಯ ಎಣ್ಣೆ ಹನಿಹನಿಯಾಗಿ ಸೋರಿತು. ದಾವಲಸಾಬ ನಮ್ಮನ್ನು ಬಿಚ್ಚಿ ಹೊಸಬರನ್ನು ಹಾಕಿದ. ನಮ್ಮ ನಾಲ್ವರನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಮೌನೇಶನೇ ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಗೆ ತಂದ. ಅಲ್ಲಿನ ತಕ್ಕಡಿಯೂ ಅವನೇ ರಿಪೇರಿ ಮಾಡಿದ್ದು. ಒಬ್ಬೊಬ್ಬರನ್ನೇ ತೆಗೆದು ತಕ್ಕಡಿಗೆ ಇಟ್ಟ. ಮೂವರಾದರು. ನನ್ನನ್ನು ಎತ್ತಿದವನು ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿದ. ಅಷ್ಟು ವರ್ಷ ಅವನನ್ನೂ ಅವಳನ್ನೂ ಹೊತ್ತ ನನ್ನನ್ನು ಅವನು ಹೊತ್ತದ್ದು ಅದೇ ಮೊದಲು.

“ಇದು ಸೊರಗೈತಿ,” ಅಂದ.

ಗುಜರಿಯವನು ನಕ್ಕ. “ಕಬ್ಬಣ ಎಲ್ಯಾರ ಸೊರಗತೈತೇನ್ರಿ ಬಡಿಗೇರ ಅವರ? ಇಡ್ರಿ ತಕ್ಕಡಿಗೆ, ತೂಕ ಹೇಳತೈತಿ.”

“ತಕ್ಕಡಿಗೆ ಇಡೂಕಿಂತ ಮೊದಲ ಗೊತ್ತಾಗಬೇಕಪಾ,” ಅಂದ ಮೌನೇಶ.

ನನ್ನನ್ನು ಇಟ್ಟು, ಖಾಲಿ ಚೀಲ ಮಡಚಿಕೊಂಡು ಹೋದ. ನಾನೀಗ ಇಲ್ಲಿ ಗೋಡೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ಹೊರಗೆ ಲಾರಿಗಳು ಹೋದಾಗ ನೆಲ ಸ್ವಲ್ಪ ನಡುಗುತ್ತದೆ. ಆಗ ಯಾರೋ ಪಾದ ಒತ್ತಿದರೇನೋ ಎಂದು ಈಗಲೂ ಒಂದು ಕ್ಷಣ ಕಾಯುತ್ತೇನೆ.